ಪಾಳಿ ಯಾರದು?

ನಮ್ಮ ಕಡೆ ಸರದಿಗೆ ಪಾಳಿ ಎನ್ನುತ್ತಾರೆ. ನಳದ ನೀರಿಗೆ ಪಾಳಿ, ಗಿರಣಿಯಲ್ಲಿ ಜೋಳ ಬೀಸಲು ಪಾಳಿ, ರೇಷನ್ ಅಂಗಡಿಯಲ್ಲಿ ಪಾಳಿ, ಅಣ್ಣತಮ್ಮಂದಿರ ನಡುವೆ ಹಂಚಿಕೆಯಾದ ಬಾವಿಯ ಮೋಟರಿಗೂ ಪಾಳಿ. ಹುಮನಾಬಾದ ತಾಲೂಕಿನ ನಮ್ಮ ಘಾಟಬೋರಾಳದಲ್ಲಿ ನಾನು ಚಿಕ್ಕವನಿದ್ದಾಗ ನಳದ ಮುಂದೆ ಮನುಷ್ಯರಿಗಿಂತ ಕೊಡಗಳೇ ಹೆಚ್ಚು ನಿಂತಿರುತ್ತಿದ್ದವು. ಕೊಡ ಇಟ್ಟು ಮನೆಗೆ ಹೋದರೂ ಅದರ ಜಾಗವನ್ನು ಯಾರೂ ಕದಲಿಸುತ್ತಿರಲಿಲ್ಲ. ಕೂಸನ್ನು ತೊಟ್ಟಿಲಲ್ಲಿ ಬಿಟ್ಟು ಬಂದವಳು ‘ನಂದೊಂದು ಕೊಡ ತುಂಬ್ಕೊಂಡು ಹೋಗ್ತೀನವ್ವಾ’ ಎಂದರೆ ಮುಂದಿದ್ದವರು ಗೊಣಗುತ್ತಲೇ ಬಿಟ್ಟುಕೊಡುತ್ತಿದ್ದರು. ಪಾಳಿಯನ್ನು ಬಿಟ್ಟುಕೊಡಬಹುದಿತ್ತು. ಅದನ್ನು ಮಾರುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಹೀಗೆಂದ ಕೂಡಲೇ ಹಳ್ಳಿಯ ಸೌಹಾರ್ದದ ಹಾಡು ಶುರುವಾಯಿತು ಎಂದು ಓದುಗರು ಹೆದರಬೇಕಾಗಿಲ್ಲ. ದೊಡ್ಡಮನೆಯ ಕೊಡ ಬಂದಾಗ ಉಳಿದ ಕೊಡಗಳು ತಾವಾಗಿಯೇ ಹಿಂದೆ ಸರಿಯುತ್ತಿದ್ದವು. ಅದಕ್ಕೂ ಹಿಂದೆ, ಬಾವಿಯ ಕಾಲದಲ್ಲಿ, ನಮ್ಮ ಭಾಗದ ಊರುಗಳಲ್ಲಿ ದಲಿತರಿಗೆ ಪಾಳಿಯೇ ಇರಲಿಲ್ಲ. ಯಾರಾದರೂ ಸೇದಿ ಮೇಲಿಂದ ಹಾಕುವವರೆಗೆ ದೂರ ನಿಂತು ಕಾಯಬೇಕಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡದ ಚವದಾರ್ ಕೆರೆಗೆ ಹೋಗಿ ನೀರು ಕುಡಿದದ್ದು ನೀರಡಿಕೆಗಲ್ಲ ಎಂಬುದು ನಮಗೆಲ್ಲ ಗೊತ್ತು. ಎಲ್ಲರಿಗೂ ಒಂದೇ ಸಾಲು ಎಂಬುದು ಹಳೆಯ ಸಂಪ್ರದಾಯವೇನೂ ಅಲ್ಲ. ಜಗಳ ಮಾಡಿ, ಏಟು ತಿಂದು, ಇತ್ತೀಚೆಗೆ ಗಳಿಸಿಕೊಂಡದ್ದು ಅದು. ಅದಕ್ಕೇ ಅದನ್ನು ಯಾರಾದರೂ ಚಿಲ್ಲರೆಯಾಗಿ ಮಾರಲು ಇಟ್ಟಾಗ ನನಗೆ ಕಸಿವಿಸಿಯಾಗುತ್ತದೆ.

ಮಾರಲು ಇಟ್ಟದ್ದನ್ನು ನಾನು ಹತ್ತಿರದಿಂದ ಕಂಡದ್ದು 2024ರ ಕ್ರಿಸ್‌ಮಸ್ ದಿನ, ಹೈದರಾಬಾದಿನ ಹೊರವಲಯದ ಒಂದು ಥೀಮ್ ಪಾರ್ಕಿನಲ್ಲಿ. ಆ ಊರಿನ ಸುತ್ತ ಇಂಥವು ಒಂದಕ್ಕಿಂತ ಹೆಚ್ಚಿವೆ. ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ಕರ್ನಾಟಕದವರು ಥೀಮ್ ಪಾರ್ಕ್ ಎಂದರೆ 2005ರಲ್ಲಿ ಬಿಡದಿಯ ಹತ್ತಿರ ಶುರುವಾದ ವಂಡರ್‌ಲಾವನ್ನು ನೆನೆಯುತ್ತಾರೆ. ನಮಗೆ ಬೆಂಗಳೂರು ಆರುನೂರು ಕಿಲೋಮೀಟರಿಗೂ ದೂರ, ಹೈದರಾಬಾದು ಹೆದ್ದಾರಿ ಹಿಡಿದರೆ ಮೂರು-ನಾಲ್ಕು ತಾಸು. 1956ರ ನವೆಂಬರ್ 1ರವರೆಗೆ ನಾವು ಆ ರಾಜ್ಯದವರೇ. ಈಗಲೂ ನಮ್ಮೂರಿನವರಿಗೆ ಹೈದರಾಬಾದಕ್ಕೆ ಹೋಗುವುದೆಂದರೆ ಒಂದೋ ಕೂಲಿಗೆ, ಇಲ್ಲವೋ ದವಾಖಾನೆಗೆ. ಕ್ರೂಸರ್ ಗಾಡಿ ಜಹೀರಾಬಾದ್ ದಾಟುವಾಗ ಅವ್ವ ಅದನ್ನೇ ಅಂದಳು: ‘ಪೇಶಂಟ್ ಇಲ್ದ ಈ ರಸ್ತಾಕ್ಕ ಬಂದಿದ್ದು ಇದ ಮೊದಲ ನೋಡು.’

ಅಣ್ಣ ಮಕ್ಕಳಿಗೆ ಮಾತು ಕೊಟ್ಟದ್ದು 2019ರ ಡಿಸೆಂಬರಿನಲ್ಲಿ. ಮಗಳಿಗೆ ಆಗ ಆರು ವರ್ಷ. ‘ಬರೋ ವರ್ಷ ಹೋಗಮು’ ಎಂದಿದ್ದ. ಬರುವ ವರ್ಷ ಲಾಕ್‌ಡೌನ್ ಬಂತು. ಅದರ ಮುಂದಿನ ವರ್ಷ ಕಟಾವಿನ ಹೊತ್ತಿಗೆ ಮಳೆ ಹಿಡಿದು ಸೋಯಾಬೀನ್ ಬಣಿವೆಯಲ್ಲೇ ಮೊಳಕೆ ಒಡೆಯಿತು. ಆಮೇಲೆ ಅವ್ವನ ಕಣ್ಣಿನ ಆಪರೇಷನ್. ಆಮೇಲೆ ಏನೋ ಒಂದು. ಕೊನೆಗೆ ಹೋದಾಗ ಮಗಳಿಗೆ ಹನ್ನೊಂದು, ಮಗನಿಗೆ ಏಳು. ಎಮ್ಮೆ ಹಿಂಡಲು ಯಾರಾದರೂ ಬೇಕಲ್ಲ, ಅಪ್ಪ ಮನೆಯಲ್ಲೇ ಉಳಿದ. ಅಣ್ಣ, ವೈನಿ, ಅವ್ವ, ಎರಡು ಮಕ್ಕಳು, ನಾನು. ಒಟ್ಟು ಆರು ಜನ.

ಕ್ರಿಸ್‌ಮಸ್ ದಿನವೇ ಏಕೆ? ಅಂದು ಶಾಲೆಗೆ ರಜೆ, ನನಗೂ ರಜೆ, ತೊಗರಿ ರಾಶಿಗೆ ಇನ್ನೂ ನಾಲ್ಕು ದಿನ ಇತ್ತು. ಹುಮನಾಬಾದ, ಬೀದರಗಳ ಮೆಥಡಿಸ್ಟ್ ಕುಟುಂಬಗಳ ಗೆಳೆಯರು ನನಗಿದ್ದಾರೆ. ಅವರಿಗೆ ಆ ದಿನ ಚರ್ಚು, ಹೊಸ ಬಟ್ಟೆ, ಮನೆಮನೆಗೆ ಹಂಚುವ ತಿಂಡಿ. ಅದನ್ನು ಪಾರ್ಕಿನ ಹಬ್ಬವಾಗಿ ಮಾಡಿಕೊಂಡವರು ಹೆಚ್ಚಾಗಿ ನಮ್ಮಂಥವರು. ಇಂಥ ದಿನಗಳಲ್ಲಿ ಟಿಕೆಟ್ ದರವೂ ಏರಿರುತ್ತದೆ. ಇದರಲ್ಲೊಂದು ವಿಚಿತ್ರವಿದೆ. ಬೇಕಾದಾಗ ರಜೆ ಹಾಕಬಲ್ಲವನು ಜುಲೈ ತಿಂಗಳ ಯಾವುದೋ ಮಂಗಳವಾರ ಬಂದು ಕಡಿಮೆ ದುಡ್ಡಿನಲ್ಲಿ, ಖಾಲಿ ಪಾರ್ಕಿನಲ್ಲಿ ಆಡಿ ಹೋಗುತ್ತಾನೆ. ವರ್ಷಕ್ಕೆ ಒಂದೇ ದಿನ ಬಿಡುವು ಮಾಡಿಕೊಳ್ಳಬಲ್ಲವನು ಹೆಚ್ಚು ಕೊಟ್ಟು ಹೆಚ್ಚು ಕಾಯುತ್ತಾನೆ.

ಒಳಗೆ ಪ್ರತಿ ಆಟಕ್ಕೂ ಎರಡು ಸಾಲುಗಳು. ಒಂದು ಕಬ್ಬಿಣದ ಕಂಬಿಗಳ ನಡುವೆ ಹಾವಿನ ಹಾಗೆ ಸುತ್ತಿ ಸುತ್ತಿ ಬರುವುದು. ಇನ್ನೊಂದು ಅದರ ಪಕ್ಕದಲ್ಲೇ ನೇರವಾಗಿ ಹೋಗುವುದು, ಹೆಚ್ಚು ದುಡ್ಡು ಕೊಟ್ಟವರಿಗೆ. ನಮ್ಮ ಆರೂ ಜನ ಆ ನೇರ ಸಾಲಿಗೆ ಹೋಗಬೇಕೆಂದರೆ ಹೆಚ್ಚುವರಿಯಾಗಿ ಸುಮಾರು ಒಂದು ಕ್ವಿಂಟಲ್ ಸೋಯಾಬೀನಿನ ಬೆಲೆ ತೆರಬೇಕಿತ್ತು. ಆ ವರ್ಷದ ಬೆಂಬಲ ಬೆಲೆ 4,892 ರೂಪಾಯಿ. ವೈನಿ ‘ಮಕ್ಕಳಿಗರೆ ತಗೋರಿ, ಐದು ವರ್ಷ ಕಾದಾವ’ ಅಂದರು. ಅಣ್ಣ ಬೋರ್ಡು ಓದಿ, ಇನ್ನೊಮ್ಮೆ ಓದಿ, ಸುತ್ತುವ ಸಾಲಿಗೇ ಹೋಗಿ ನಿಂತ.

ಒಂದು ತಾಸಿನ ನಂತರ, ನಮ್ಮ ಕಣ್ಣೆದುರೇ ಬಂದ ಕುಟುಂಬವೊಂದು ಪಕ್ಕದ ಸಾಲಿನಿಂದ ಹೋಗಿ ಕುಳಿತಾಗ ಹುಡುಗಿ ಕೇಳಿದಳು: ‘ಕಾಕಾ, ಅವರು ನಮ್ಮ ಹಿಂದ ಬಂದು ಮುಂದ ಹ್ಯಾಂಗ ಹೋದ್ರು?’

‘ಅವರು ಹೆಚ್ಚಿಗಿ ರೊಕ್ಕ ಕೊಟ್ಟಾರವಾ.’

‘ಕೊಟ್ಟಿದ್ದು ಪಾರ್ಕಿನವರಿಗಿ ಅಲ್ಲ? ನಮಗೇನು ಕೊಟ್ಟಿಲ್ಲಲ್ಲ.’

ಅವ್ವನಿಗೆ ಈ ಪ್ರಶ್ನೆಯೇ ಹಿಡಿಸಲಿಲ್ಲ. ‘ತಿರುಪತ್ಯಾಗ ಮುನ್ನೂರ ರೂಪಾಯಿ ಕೊಟ್ಟವರು ಮುಂದ ಹೋಗಲ್ಲೇನು? ದೇವರೇ ನೋಡ್ಕೋತ ಕುಂತಾನ’ ಎಂದಳು. ಅವಳ ಮಾತನ್ನು ನಗೆಯಾಡಿ ಬಿಡುವಂತಿಲ್ಲ. ಅಮೆರಿಕದ ತತ್ತ್ವಶಾಸ್ತ್ರಜ್ಞ ಮೈಕೇಲ್ ಸ್ಯಾಂಡಲ್ 2012ರಲ್ಲಿ ‘ವಾಟ್ ಮನಿ ಕಾಂಟ್ ಬೈ’ ಪುಸ್ತಕ ಬರೆದಾಗ ಮೊದಲ ಅಧ್ಯಾಯವನ್ನು ಮೀಸಲಿಟ್ಟದ್ದೇ ಸಾಲು ತಪ್ಪಿಸುವುದಕ್ಕೆ: ವಿಮಾನ ನಿಲ್ದಾಣ, ಮನರಂಜನಾ ಪಾರ್ಕು, ಕೂಲಿ ಕೊಟ್ಟು ಬೇರೆಯವರನ್ನು ಸಾಲಿನಲ್ಲಿ ನಿಲ್ಲಿಸುವುದು. ನಮ್ಮ ಓದುಗನಿಗೆ ಇದರಲ್ಲಿ ಆಘಾತಪಡುವಂಥದ್ದು ಏನೂ ಕಾಣದು. ದೇವರ ಬಾಗಿಲಲ್ಲೇ ಆ ಪಾಠ ನಮಗೆ ಮೊದಲೇ ಆಗಿಬಿಟ್ಟಿದೆ.

ಅಣ್ಣನ ವಾದ ಬೇರೆ. ರೈಲಿನಲ್ಲಿ ಎ.ಸಿ. ಡಬ್ಬಿ ಇಲ್ಲವೇ, ದುಡ್ಡಿದ್ದವನು ಮಲಗಿ ಹೋಗುತ್ತಾನೆ, ಇಲ್ಲದವನು ಜನರಲ್ ಡಬ್ಬಿಯಲ್ಲಿ ನಿಂತು ಹೋಗುತ್ತಾನೆ, ಇದರಲ್ಲಿ ಹೊಸದೇನಿದೆ ಎಂದು. ನಾನು ಈ ಹೋಲಿಕೆಯನ್ನು ಬಹಳ ದಿನ ತಲೆಯಲ್ಲಿಟ್ಟುಕೊಂಡು ತಿರುಗಿದೆ. ವ್ಯತ್ಯಾಸ ಇರುವುದು ಇಲ್ಲಿ: ಎ.ಸಿ.ಯಲ್ಲಿ ಕುಳಿತವನು ನನ್ನ ರೈಲನ್ನು ತಡ ಮಾಡುವುದಿಲ್ಲ. ಅವನ ಮೆತ್ತನೆಯ ಸೀಟಿಗೆ ಅವನು ದುಡ್ಡು ಕೊಟ್ಟ, ಆ ಸೀಟು ರೈಲ್ವೆಯದು, ಅವರು ಮಾರಿದರು. ನಾವಿಬ್ಬರೂ ಸಿಕಂದರಾಬಾದಿಗೆ ಒಂದೇ ಗಳಿಗೆಗೆ ಇಳಿಯುತ್ತೇವೆ. ಪಾರ್ಕಿನ ಎರಡನೆಯ ಸಾಲಿನಲ್ಲಿ ಹೋದವನು ಕುಳಿತ ಸೀಟು ಅವನಿಗಾಗಿ ಹೊಸದಾಗಿ ಮಾಡಿದ್ದಲ್ಲ. ಆ ಸುತ್ತಿನಲ್ಲಿ ಕೂರಬೇಕಾಗಿದ್ದವರು ಮುಂದಿನ ಸುತ್ತಿಗೆ ಹೋದರು, ಮುಂದಿನವರು ಅದರ ಮುಂದಿನದಕ್ಕೆ. ಅವನಿಗೆ ಮಾರಿದ್ದು ನಮ್ಮ ಹತ್ತು ನಿಮಿಷ. ಹುಡುಗಿ ಹೇಳಿದ ಹಾಗೆ, ಅದರ ದುಡ್ಡು ನಮಗೆ ಬರಲಿಲ್ಲ.

ಅರ್ಥಶಾಸ್ತ್ರ ಓದುವ ಗೆಳೆಯರಿಗೆ ಇದನ್ನು ಹೇಳಿದರೆ, ಯಾರಿಗೆ ಸಮಯದ ಬೆಲೆ ಹೆಚ್ಚೋ ಅವರು ಕೊಡುತ್ತಾರೆ, ಅದು ದಕ್ಷತೆ ಎನ್ನುತ್ತಾರೆ. ಐದು ವರ್ಷ ಕಾದ ಹುಡುಗಿಗೆ ಅಂದಿನ ಒಂದು ತಾಸಿನ ಬೆಲೆ ಎಷ್ಟು ಎಂದು ಅಳೆಯುವ ಮಾಪು ಅವರ ಬಳಿ ಇಲ್ಲ. ಅವರು ಅಳೆಯುವುದು ಅವಳ ಅಪ್ಪನ ಜೇಬನ್ನು. ಆದರೆ ಅವರ ಇನ್ನೊಂದು ಮಾತನ್ನು ತಳ್ಳಿಹಾಕುವುದು ಕಷ್ಟ: ಮುಂದೆ ಹೋಗುವವರು ಕೊಡುವ ಹೆಚ್ಚಿನ ಹಣದಿಂದಲೇ ಸಾಮಾನ್ಯ ಟಿಕೆಟ್ ಈ ದರದಲ್ಲಿ ಉಳಿದಿದ್ದರೆ? ಆ ಸಾಲು ತೆಗೆದು ಎಲ್ಲರ ದರ ಏರಿಸಿದರೆ ನಾವು ಗೇಟಿನ ಹೊರಗೇ ಉಳಿಯುತ್ತಿದ್ದೆವು. ಹಾಗಿದ್ದರೆ ಪಕ್ಕದ ಸಾಲಿನವರು ನಮಗೆ ಉಪಕಾರವನ್ನೇ ಮಾಡಿದಂತಾಯಿತು.

ಇದಕ್ಕೆ ನನ್ನ ಉತ್ತರ ಪೂರ್ತಿಯಾಗಿಲ್ಲ, ಆದರೂ ಹೇಳುತ್ತೇನೆ. ಸಿರಿವಂತರಿಂದ ಹೆಚ್ಚು ಪಡೆಯಲು ನೂರು ದಾರಿಗಳಿವೆ. ಊಟ, ತಂಪು ಕೋಣೆ, ಸಾಮಾನು ಇಡುವ ಪೆಟ್ಟಿಗೆ, ಫೋಟೋ, ಏನನ್ನಾದರೂ ಮಾರಲಿ. ಪಾಳಿಯನ್ನೇ ಮಾರುವುದು ಅನಿವಾರ್ಯವಲ್ಲ ಎಂಬುದಕ್ಕೆ ಡಿಸ್ನಿಯವರೇ ಸಾಕ್ಷಿ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. 1999ರಲ್ಲಿ ಡಿಸ್ನಿ ಪಾರ್ಕುಗಳಲ್ಲಿ ಫಾಸ್ಟ್‌ಪಾಸ್ ಎಂಬ ವ್ಯವಸ್ಥೆ ಬಂದಾಗ ಅದಕ್ಕೆ ಹೆಚ್ಚಿನ ದುಡ್ಡು ಕೊಡಬೇಕಾಗಿರಲಿಲ್ಲ. ಟಿಕೆಟ್ ಇದ್ದ ಯಾರು ಬೇಕಾದರೂ ಚೀಟಿ ತೆಗೆದುಕೊಂಡು, ಹೇಳಿದ ಹೊತ್ತಿಗೆ ಬಂದು ಹತ್ತಬಹುದಿತ್ತು. ಅದು ನಮ್ಮ ನಳದ ಮುಂದೆ ಕೊಡ ಇಟ್ಟು ಹೋಗುವ ಪದ್ಧತಿಯೇ. 2021ರಲ್ಲಿ ಅದರ ಜಾಗಕ್ಕೆ ದುಡ್ಡು ಕೊಡುವ ಪದ್ಧತಿ ಬಂತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮಾರದೆ ನಡೆದದ್ದನ್ನು ಮಾರದಿದ್ದರೆ ನಡೆಯುವುದೇ ಇಲ್ಲ ಎನ್ನಲು ಬರುವುದಿಲ್ಲ.

ಪಾರ್ಕಿನವರಿಗೂ ಮಾರಬಾರದ ಸಂಗತಿಗಳಿವೆ ಎಂಬುದು ಗೊತ್ತಿದೆ. ಪ್ರತಿ ದೊಡ್ಡ ಆಟದ ಮುಂದೆ ಎತ್ತರ ಅಳೆಯುವ ಪಟ್ಟಿ ಇರುತ್ತದೆ. ಬಸ್ಸಿನಲ್ಲಿ ಕಂಡಕ್ಟರ್ ಮಗುವಿನ ವಯಸ್ಸು ಕೇಳಿದರೆ ನಮ್ಮ ತಾಯಂದಿರು ಎರಡು ವರ್ಷ ಕಡಿಮೆ ಹೇಳುವುದುಂಟು. ಪಟ್ಟಿಯ ಮುಂದೆ ಆ ಆಟ ನಡೆಯುವುದಿಲ್ಲ. ಅಣ್ಣನ ಮಗ ನಾಲ್ಕು ಬೆರಳು ಕಡಿಮೆ ಬಿದ್ದ. ಮುಖ ಬಾಡಿಸಿಕೊಂಡು ನಿಂತಿದ್ದಾಗ ಪಕ್ಕದ ಸಾಲಿನ, ಹೆಚ್ಚು ಕೊಟ್ಟ ಸಾಲಿನ, ಅವನಷ್ಟೇ ಎತ್ತರದ ಹುಡುಗನೊಬ್ಬನನ್ನೂ ಅದೇ ಪಟ್ಟಿಯ ಹತ್ತಿರ ತಡೆದು ವಾಪಸು ಕಳಿಸಿದರು. ಅವನ ಅಪ್ಪ ವಾದಿಸಿದ, ನಡೆಯಲಿಲ್ಲ. ನಮ್ಮವನ ಮುಖ ಕೂಡಲೇ ತಿಳಿಯಾಯಿತು. ಅದು ಇನ್ನೊಬ್ಬನ ಸೋಲಿನ ಖುಷಿಯೂ ಇರಬಹುದು, ಮಕ್ಕಳನ್ನು ದೇವರೆಂದು ನಂಬುವವನು ನಾನಲ್ಲ. ಆದರೆ ಕಾಯಲು ಅವನಿಗೆ ಆಮೇಲೆ ಬೇಸರವಾಗಲಿಲ್ಲ.

ಈ ವಿಷಯ ನನಗೆ ಇಷ್ಟು ನಾಟುವುದಕ್ಕೆ ಬೇರೆ ಕಾರಣವಿದೆ. ನನ್ನನ್ನೂ ಸಾಲು ತಪ್ಪಿಸಿ ಬಂದವನು ಎಂದವರಿದ್ದಾರೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯಡಿ ನಮ್ಮ ಭಾಗದವರಿಗೆ ಈ ಭಾಗದ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟುಗಳ ಮೀಸಲು. ನನ್ನ ಎಂ.ಎ. ಸೀಟು ಆ ಎಂಟರಲ್ಲಿ ಬಂದದ್ದು. ಮೊದಲ ವಾರವೇ ಸಹಪಾಠಿಯೊಬ್ಬ ನಗುತ್ತಲೇ ‘ನಿಮ್ಮದು ವಿಐಪಿ ಕ್ಯೂ ಅಲ್ವಾ’ ಎಂದ. ಆರ್ಲಿ ಹಾಕ್ಸ್‌ಚೈಲ್ಡ್ ಎಂಬ ಸಮಾಜಶಾಸ್ತ್ರಜ್ಞೆ ಲೂಸಿಯಾನಾದ ಬಿಳಿಯರ ನಡುವೆ ಓಡಾಡಿ 2016ರಲ್ಲಿ ಬರೆದ ಪುಸ್ತಕದಲ್ಲಿಯೂ ಇದೇ ಚಿತ್ರವಿದೆ: ತಾವು ಗುಡ್ಡ ಏರುವ ಉದ್ದನೆಯ ಸಾಲಿನಲ್ಲಿ ತಾಳ್ಮೆಯಿಂದ ನಿಂತಿದ್ದೇವೆ, ಯಾರೋ ನಡುವೆ ನುಗ್ಗುತ್ತಿದ್ದಾರೆ ಎಂಬ ಭಾವನೆ. ಜಗತ್ತಿನ ಅಸಮಾಧಾನಗಳೆಲ್ಲ ಹೀಗೆ ಸಾಲಿನ ರೂಪದಲ್ಲೇ ಮಾತಾಡುತ್ತವೆಯೇನೋ.

ಹಾಗಾದರೆ ಪಾರ್ಕಿನ ಪಕ್ಕದ ಸಾಲು ತಪ್ಪು, ನನ್ನ ಸೀಟು ಸರಿ ಎಂದು ನಾನು ಯಾವ ಬಾಯಿಂದ ಹೇಳಲಿ? ಎರಡೂ ಕಡೆ ಒಬ್ಬ ಮುಂದೆ ಹೋದ, ಇನ್ನೊಬ್ಬ ಹಿಂದೆ ಉಳಿದ. ನನಗೆ ಕಾಣುವ ವ್ಯತ್ಯಾಸ ಇಷ್ಟು. ಮೀಸಲಾತಿ ‘ನೀನು ಏಕೆ ತಡವಾಗಿ ಬಂದೆ’ ಎಂದು ಕೇಳುತ್ತದೆ. ಸಾಲು ಎಲ್ಲಿಂದ ಶುರುವಾಯಿತು, ಯಾರನ್ನು ಅದರ ಬಾಲದಲ್ಲೂ ನಿಲ್ಲಗೊಡಲಿಲ್ಲ ಎಂಬ ಲೆಕ್ಕ ತೆಗೆಯುತ್ತದೆ. ಆ ಲೆಕ್ಕದಲ್ಲಿ ತಪ್ಪಿರಬಹುದು, ಅದರ ಬಗ್ಗೆ ಜಗಳವಾಡಬಹುದು. ನಮ್ಮ ಭಾಗದ ಒಳಗೇ ನನಗಿಂತ ಹಿಂದಿರುವವರು ನನ್ನ ಜೊತೆ ಜಗಳ ಆಡಲೂಬೇಕು. ಕೌಂಟರಿನಲ್ಲಿ ಮಾರುವ ಪಾಸು ಏನನ್ನೂ ಕೇಳುವುದಿಲ್ಲ. ಅದರೊಡನೆ ವಾದಿಸಲು ದಾರಿಯೇ ಇಲ್ಲ.

ಆದರೆ ಸುತ್ತುವ ಸಾಲೂ ಅಷ್ಟೇನೂ ನ್ಯಾಯವಂತವಲ್ಲ. ಅದು ಎಣಿಸುವುದು ಅಂದಿನ ನಿಮಿಷಗಳನ್ನು ಮಾತ್ರ. 2019ರಿಂದ ಕಾಯುತ್ತಿದ್ದ ನಮ್ಮ ಹುಡುಗಿಗೂ, ಹೋದ ವಾರವೂ ಬಂದು ಹೋಗಿದ್ದ ಹುಡುಗನಿಗೂ ಅಲ್ಲಿ ಒಂದೇ ತೂಕ. ವೈನಿಯ ‘ಐದು ವರ್ಷ ಕಾದಾವ’ ಎಂಬ ಮಾತಿಗೆ ಎರಡೂ ಸಾಲುಗಳಲ್ಲಿ ಜಾಗವಿರಲಿಲ್ಲ.

ಸಂಜೆ ವಾಪಸು ಬರುವಾಗ ಅಣ್ಣನನ್ನು ಕೇಳಿದೆ, ದುಡ್ಡಿದ್ದಿದ್ದರೆ ಪಾಸು ತಗೋತಿದ್ದೆಯಾ ಎಂದು. ‘ತಗೋತಿದ್ದೆ. ಸುಳ್ಳ ಯಾಕ ಹೇಳ್ಲಿ’ ಎಂದ. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಅವನ ಜೇಬಿನ ಕೊರತೆಯನ್ನು ನಾನು ತತ್ತ್ವವಾಗಿ ಮಾಡಿ ಅವನ ತಲೆಗೆ ಕಿರೀಟ ಇಡಬೇಕಾಗಿಲ್ಲ. ಮಕ್ಕಳಿಗೆ ಮಾತು ಕೊಟ್ಟ ಅಪ್ಪ ಪಾಸು ಕೊಂಡರೆ ಅವನನ್ನು ದೂಷಿಸಲು ನನ್ನಿಂದಾಗದು. ಪ್ರಶ್ನೆ ಇರುವುದು ಮಾರುವವನ ಎದುರು, ಅವನ ಕೈಯಲ್ಲಿರುವ ವಸ್ತು ಯಾರದು ಎಂದು.

ಅಲೆಯ ಕೊಳದ ಬಗ್ಗೆಯೂ ಒಂದು ಮಾತು ಹೇಳಬೇಕು. ಮಧ್ಯಾಹ್ನ ಸೈರನ್ ಕೂಗಿ ಅಲೆ ಎದ್ದಾಗ ನೂರಾರು ಜನ ಒಂದೇ ನೀರಿನಲ್ಲಿ ಬಿದ್ದು ಎದ್ದು ಮಾಡುತ್ತಿದ್ದರು. ಯಾರು ಯಾರ ಮೈಗೆ ತಾಗಿದರೆಂದು ಯಾರೂ ನೋಡಲಿಲ್ಲ. ಎರಡು ಪಾಸುಗಳವರೂ ಅಲ್ಲೇ ಇದ್ದರು, ಅವ್ವ ಸೀರೆ ಮೊಣಕಾಲಿಗೆ ಏರಿಸಿ ಅವರ ನಡುವೆ ನಿಂತಿದ್ದಳು. ಟಿಕೆಟ್ ಕೊಂಡವರ ಜಾತಿಯನ್ನು ಗೇಟಿನಲ್ಲಿ ಕೇಳಿರಲಿಲ್ಲ. ಬಾವಿಯ ಕಾಲದ ಊರಿಗಿಂತ ಈ ಮಾರುಕಟ್ಟೆ ಅಷ್ಟರಮಟ್ಟಿಗೆ ಮೇಲು, ಇದನ್ನು ಒಪ್ಪದೆ ಉಳಿದದ್ದನ್ನು ಬೈದರೆ ಬೈಗುಳಕ್ಕೆ ಬೆಲೆಯಿರದು.

ಡಿಸೆಂಬರ್ 30ಕ್ಕೆ ಎಳ್ಳ ಅಮಾವಾಸ್ಯೆ ಬಂತು. ಬೀದರ ಜಿಲ್ಲೆಯ ಮಂದಿಯೆಲ್ಲ ಅಂದು ಹೊಲದಲ್ಲಿ. ಚರಗ ಚೆಲ್ಲಿ ಆದಮೇಲೆ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ದಾರಿಯಲ್ಲಿ ಹೋಗುವವರನ್ನೂ ಕರೆದು ಉಣ್ಣಿಸುತ್ತಾರೆ. ಕರೆಯುವವರು ಹೊಲ ಇದ್ದವರು, ಬರುವವರು ಇಲ್ಲದವರು, ಅದು ಪ್ರತಿವರ್ಷವೂ ಹಾಗೆಯೇ. ಪಕ್ಕದ ಹೊಲಕ್ಕೆ ಕಬ್ಬು ಕಡಿಯಲು ಬಂದಿದ್ದ ಗ್ಯಾಂಗಿನವರನ್ನು ಅಪ್ಪ ಕರೆದಿದ್ದ. ಅವರ ಮಕ್ಕಳಿಗೆ ಆ ಹಂಗಾಮಿನಲ್ಲಿ ಶಾಲೆಯಿಲ್ಲ. ಉಂಡಾದ ಮೇಲೆ ನಮ್ಮ ಹುಡುಗಿ ಆ ಗ್ಯಾಂಗಿನ ಹುಡುಗಿಗೆ ತಾನು ಕಂಡದ್ದನ್ನೆಲ್ಲ ವಿವರಿಸುತ್ತಿದ್ದಳು. ಆಕೆಗೆ ಕನ್ನಡ ಅಷ್ಟಾಗಿ ಬರದು, ನಮ್ಮವಳ ಮರಾಠಿಯೂ ಅಷ್ಟಕ್ಕಷ್ಟೆ. ಅದಕ್ಕೇ ಕಡ್ಡಿಯಿಂದ ಕರಿಮಣ್ಣಿನಲ್ಲಿ ಗೀಚಿ ತೋರಿಸುತ್ತಿದ್ದಳು: ಇದು ರೈಲು, ಇಲ್ಲಿ ತಲೆಕೆಳಗಾಗುತ್ತದೆ, ಇದು ಗೇಟು, ಇದು ನಾವು ನಿಂತ ಸಾಲು, ಇದು ಅವರದು.