ಓಟವೂ ಈರ್ಯಾಸಮಿತಿಯೂ

ಮನುಷ್ಯನ ಕ್ರಿಯೆಗಳಲ್ಲಿ ನಡಿಗೆಯಷ್ಟು ಸಾಮಾನ್ಯವಾದುದು ಇನ್ನೊಂದಿಲ್ಲ. ಆದರೂ ಜೈನಾಚಾರ್ಯರು ಅದನ್ನು ಅಲ್ಪವೆಂದು ಬಗೆಯಲಿಲ್ಲ. ಮುನಿಗಳ ಐದು ಸಮಿತಿಗಳಲ್ಲಿ ಮೊದಲು ಹೇಳಿದುದು ಈರ್ಯಾಸಮಿತಿಯನ್ನೇ. ನೊಗದಷ್ಟು, ಎಂದರೆ ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡುತ್ತ, ಯಾವ ಜೀವಿಗೂ ಬಾಧೆಯಾಗದಂತೆ ಹೆಜ್ಜೆಯಿಡುವುದೇ ಅದರ ಸ್ವರೂಪ. ಇಂದು ಶ್ರಾವಕರ ಮನೆಗಳಲ್ಲಿ ನಡಿಗೆಯ ಜೊತೆಗೆ ಓಟದ ಮಾತೂ ಸೇರಿಕೊಂಡಿದೆ. ಅದೂ ಊರಿನ ಮೈದಾನದಲ್ಲಿ ಅಲ್ಲ. ಕಾಡಿನ ದಾರಿ, ನದಿಯ ಕಣಿವೆ, ಕಡಲ ತೀರ ಎಂದು ರಮ್ಯ ಸ್ಥಳಗಳನ್ನು ಅರಸಿಕೊಂಡು ಹೋಗಿ ಓಡುವುದು. ಹೀಗೆ ಸಂತೋಷಕ್ಕಾಗಿ ಓಡುವುದು ಅಣುವ್ರತಿಯಾದ ಗೃಹಸ್ಥನಿಗೆ ಒಪ್ಪುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ವಿಚಾರ ಸ್ಪಷ್ಟವಾಗಬೇಕಾದರೆ ಒಂದು ಸ್ಥಳವನ್ನು ಕಣ್ಣ ಮುಂದೆ ಇಟ್ಟುಕೊಳ್ಳುವುದು ಲೇಸು. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನಲ್ಲಿ, ತೆಲಂಗಾಣದ ಗಡಿಯ ಬಳಿ ಕುಂಚಾವರಂ ಇದೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂಗಳ ಕಡೆಯದು ಸುಣ್ಣದ ಕಲ್ಲಿನ ಸೀಮೆ. ಅಲ್ಲಿ ಕಲ್ಲುಗಣಿ, ಸಿಮೆಂಟ್ ಕಾರ್ಖಾನೆ, ಲಾರಿಗಳ ಧೂಳು. ಆ ಊರುಗಳವರಿಗೆ ಕುಂಚಾವರಂ ಗುಡ್ಡಗಳ ಹಸಿರು ದೊಡ್ಡ ಸಮಾಧಾನ. ಇಲ್ಲಿಯ ಕಾಡಿನ 134.88 ಚದರ ಕಿಲೋಮೀಟರ್ ಪ್ರದೇಶವು 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಶ್ರೀಗಂಧ, ರಕ್ತಚಂದನಗಳು ಬೆಳೆಯುವ ಈ ಕಾಡು ತೋಳ, ಕತ್ತೆಕಿರುಬ, ನರಿ, ಕೊಂಡುಕುರಿಗಳಿಗೆ ಆಶ್ರಯ. ನಡುವೆ ಚಂದ್ರಂಪಳ್ಳಿ ಜಲಾಶಯವಿದೆ. ತಾಲೂಕಿನ ಎತ್ತಿಪೋತ ಜಲಪಾತವು ಮಳೆಗಾಲದಲ್ಲಿ ತುಂಬಿ ಧುಮುಕುತ್ತದೆ. ಚಿಂಚೋಳಿಯ ಮುಲ್ಲಾಮಾರಿ ನದಿಯು ಹರಿದು ಕಾಗಿಣೆಯನ್ನು ಸೇರುತ್ತದೆ. ಆ ಕಾಗಿಣೆಯ ದಡದಲ್ಲೇ ಮಳಖೇಡ, ಅಂದಿನ ಮಾನ್ಯಖೇಟ. ಅಮೋಘವರ್ಷ ನೃಪತುಂಗನು ಆಳಿದ, ಆತನ ಗುರುಗಳಾದ ಜಿನಸೇನಾಚಾರ್ಯರನ್ನು ಕಂಡ ಊರು. ನೇಮಿನಾಥ ಬಸದಿ ಅಲ್ಲಿ ಇಂದಿಗೂ ಇದೆ. ಆದುದರಿಂದ ಈ ಕಣಿವೆಗೆ ಈರ್ಯಾಸಮಿತಿಯ ಹೆಜ್ಜೆ ಹೊಸದಲ್ಲ. ಓಟದ ಹೆಜ್ಜೆಯೇ ಹೊಸದು.

ಈ ಸೀಮೆಯ ಒಂದು ಶ್ರಾವಕ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ತಂದೆ ಅಂಗಡಿಯ ಗದ್ದಿಗೆಯಲ್ಲಿ ಕುಳಿತು ವಯಸ್ಸಾದವರು. ಚಾತುರ್ಮಾಸದ ನಿಯಮಗಳನ್ನು ತಪ್ಪದೆ ಪಾಲಿಸುವವರು. ಮಗ ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದಾನೆ. ಶ್ರಾವಣದಲ್ಲಿ ಊರಿಗೆ ಬಂದವನು ಭಾನುವಾರ ಬೆಳಗಿನ ಜಾವ ಕಾರಿನಲ್ಲಿ ಕುಂಚಾವರಂ ಕಡೆಗೆ ಹೋಗಿ ಹತ್ತು ಕಿಲೋಮೀಟರ್ ಓಡಿ ಬರುತ್ತಾನೆ. ಮುನಿಗಳೇ ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲಸುವ ಕಾಲದಲ್ಲಿ ಹಸಿ ಹುಲ್ಲನ್ನು ತುಳಿಯಲೆಂದೇ ಅಷ್ಟು ದೂರ ಹೋಗಬೇಕೇ ಎಂಬುದು ತಂದೆಯ ಆಕ್ಷೇಪ. ಸಕ್ಕರೆ ಕಾಯಿಲೆ ಬಂದ ಮೇಲೆ ತಾವೇ ದಿನಾಲೂ ನಡೆಯುತ್ತಿದ್ದೀರಿ, ಕಾಯಿಲೆ ಬರುವ ಮುಂಚೆ ನಾನು ಓಡಿದರೆ ತಪ್ಪೇನು ಎಂಬುದು ಮಗನ ಉತ್ತರ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಇಂತಹ ಕಡೆಯಲ್ಲಿಯೇ ಧರ್ಮವಿಚಾರಕ್ಕೆ ಕೆಲಸ.

ತಂದೆಯ ಪಕ್ಷಕ್ಕೆ ಆಧಾರ ಬಲವಾಗಿಯೇ ಇದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ ನಿಷ್ಪ್ರಯೋಜನವಾಗಿ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡಗಳನ್ನು ಕಡಿಯುವುದು ಇವುಗಳ ಸಾಲಿನಲ್ಲಿಯೇ ಸುಮ್ಮನೆ ಅಲೆದಾಡುವುದನ್ನೂ ಸೇರಿಸಿ, ಇದನ್ನೆಲ್ಲ ಪ್ರಮಾದಚರ್ಯೆ ಎಂದು ಕರೆದಿದ್ದಾರೆ. ವ್ಯಾಪಾರಕ್ಕಾಗಿ, ಒಕ್ಕಲುತನಕ್ಕಾಗಿ ಆಗುವ ಹಿಂಸೆಯನ್ನು ಗೃಹಸ್ಥನು ಪೂರ್ತಿಯಾಗಿ ಬಿಡಲಾರ. ಯಾವ ಪ್ರಯೋಜನವೂ ಇಲ್ಲದೆ ಆಗುವ ಹಿಂಸೆಯಾದರೋ ಲಾಭವಿಲ್ಲದ ಖರ್ಚು. ಅದನ್ನು ಬಿಡಲು ಯಾವ ಅಡ್ಡಿಯೂ ಇಲ್ಲ.

ಹಾಗಾದರೆ ಓಟವು ನಿಷ್ಪ್ರಯೋಜಕವೇ? ಎಲ್ಲರ ಓಟವನ್ನೂ ಒಂದೇ ತೂಕದಲ್ಲಿ ತೂಗುವುದು ನ್ಯಾಯವಲ್ಲ. ಪೊಲೀಸ್ ನೇಮಕಾತಿಯಲ್ಲಿ 1600 ಮೀಟರ್ ಓಟವನ್ನು ಗೊತ್ತಾದ ಸಮಯದಲ್ಲಿ ಮುಗಿಸಬೇಕು; ಹಳ್ಳಿಯ ಬಡ ಯುವಕನಿಗೆ ಅದು ಹೊಟ್ಟೆಪಾಡಿನ ಓಟ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮವನ್ನು, ಇಲ್ಲವೇ 75ರಿಂದ 150 ನಿಮಿಷಗಳ ತೀವ್ರ ವ್ಯಾಯಾಮವನ್ನು ಸೂಚಿಸಿದೆ. ದೇಹವು ಧರ್ಮಸಾಧನೆಗೆ ಉಪಕರಣವೆಂದು ಒಪ್ಪಿದ ಮೇಲೆ ಅದನ್ನು ಸುಸ್ಥಿತಿಯಲ್ಲಿ ಇಡುವುದು ಪ್ರಯೋಜನವೇ ಸರಿ. ಇಷ್ಟರಮಟ್ಟಿಗೆ ಮಗನ ವಾದ ಗೆಲ್ಲುತ್ತದೆ. ಆದರೆ ಈ ವಾದವು ಓಟವನ್ನು ಸಮರ್ಥಿಸುತ್ತದೆಯೇ ಹೊರತು ಕುಂಚಾವರಂ ಕಾಡನ್ನೇ ಆರಿಸಿಕೊಂಡುದನ್ನಲ್ಲ. ಆರೋಗ್ಯವು ಊರಿನ ಶಾಲೆಯ ಬಯಲಿನಲ್ಲೂ ದೊರೆಯುತ್ತದೆ. ಕಾಡಿಗೆ ಕರೆದೊಯ್ಯುವುದು ಸೌಂದರ್ಯ. ಸೌಂದರ್ಯವನ್ನು ಸವಿಯುವುದು ಪಾಪವಲ್ಲ. ಆದರೆ ಅದು ಭೋಗ. ಭೋಗೋಪಭೋಗಗಳಿಗೆ ಪರಿಮಾಣ ಬೇಕೆಂಬುದು ಶ್ರಾವಕನ ವ್ರತಗಳಲ್ಲಿ ಒಂದು.

ಆ ಪರಿಮಾಣವನ್ನು ಗೊತ್ತುಮಾಡುವುದು ಹೇಗೆ? ಭಗವತೀ ಆರಾಧನೆಯು ಈರ್ಯಾಸಮಿತಿಗೆ ನಾಲ್ಕು ಶುದ್ಧಿಗಳನ್ನು ಹೇಳುತ್ತದೆ: ಮಾರ್ಗಶುದ್ಧಿ, ಉದ್ಯೋತಶುದ್ಧಿ, ಉಪಯೋಗಶುದ್ಧಿ, ಆಲಂಬನಶುದ್ಧಿ. ದಾರಿ ಸರಿಯಾಗಿರಬೇಕು, ಬೆಳಕು ಇರಬೇಕು, ಗಮನ ಇರಬೇಕು, ಉದ್ದೇಶ ಒಳ್ಳೆಯದಾಗಿರಬೇಕು. ಇವು ಮುನಿಗಳಿಗೆ ಹೇಳಿದವು. ಗೃಹಸ್ಥನನ್ನು ಪೂರ್ಣವಾಗಿ ಕಟ್ಟಿಹಾಕುವುದಿಲ್ಲ. ಆದರೆ ಅಳತೆಗೋಲಾಗಿ ಗೃಹಸ್ಥನ ಕೈಗೂ ಬರುತ್ತವೆ.

ಮಾರ್ಗಶುದ್ಧಿಯೆಂದರೆ ಜನರೂ ದನಗಳೂ ನಡೆದು ಸವೆದ ದಾರಿ. ಇದರ ಪ್ರಕಾರ ಓಟಗಾರನಿಗೆ ಡಾಂಬರು ರಸ್ತೆ ಯೋಗ್ಯ. ಹುಲ್ಲಿನ ನಡುವೆ ಹೊಸದಾಗಿ ಮಾಡಿಕೊಂಡ ಕಾಲುದಾರಿ ಅಯೋಗ್ಯ. ದೇಶದ ಕಾನೂನೂ ಈ ಮಾತಿಗೆ ಸಮೀಪವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ವನ್ಯಜೀವಿಧಾಮದಲ್ಲಿ ಹಾದುಹೋಗುವ ಸಾರ್ವಜನಿಕ ಹೆದ್ದಾರಿಯನ್ನು ಬಿಟ್ಟು ಒಳಗೆ ಕಾಲಿಡಲು ಹೊರಗಿನವರಿಗೆ ಅನುಮತಿ ಬೇಕು. ಕಾಡಿನ ಅಂಚಿನಲ್ಲಿ ಲಂಬಾಣಿ ತಾಂಡಾಗಳಿವೆ. ಸೌದೆಗಾಗಿ ಕಾಡನ್ನು ನಂಬಿದ ತಾಯಂದಿರು ಕಾನೂನಿನ ಕಟ್ಟಿಗೆ ಒಳಪಟ್ಟಿರುವಾಗ, ಸಂತೋಷಕ್ಕಾಗಿ ಬಂದವನು ತನಗೆ ಕಟ್ಟಿಲ್ಲವೆಂದು ತಿಳಿಯುವುದು ನಾಚಿಕೆಗೇಡು.

ಉದ್ಯೋತಶುದ್ಧಿಯೆಂದರೆ ಸೂರ್ಯನ ಬೆಳಕು. ತಂಪು ಹೊತ್ತೆಂದು ನಸುಕಿನ ಕತ್ತಲಲ್ಲೇ ಓಡುವುದು ಇಂದಿನ ರೂಢಿ. ಕಾಣದ ನೆಲದ ಮೇಲೆ ಇಟ್ಟ ಹೆಜ್ಜೆಗೆ ಜಾಗರೂಕತೆಯ ಹೆಸರು ಸಲ್ಲದು. ಅಲ್ಲದೆ ತೋಳ, ಕತ್ತೆಕಿರುಬಗಳು ಸಂಚರಿಸುವ ಹೊತ್ತೂ ಅದೇ.

ಎಲ್ಲಕ್ಕಿಂತ ಕಠಿಣವಾದುದು ಉಪಯೋಗಶುದ್ಧಿ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು ಸೇರಿಸಿತು. ಕುಂದಕುಂದಾಚಾರ್ಯರ ಪ್ರವಚನಸಾರದ ಅಭಿಪ್ರಾಯವೂ ಇದೇ: ಎಚ್ಚರದಿಂದ ನಡೆದವನ ಕಾಲಿಗೆ ಸಿಕ್ಕು ಜೀವಿ ಸತ್ತರೂ ಅವನಿಗೆ ಬಂಧವಿಲ್ಲ, ಎಚ್ಚರಗೆಟ್ಟವನಿಗೆ ಯಾವ ಜೀವಿ ಸಾಯದಿದ್ದರೂ ಹಿಂಸೆ ತಪ್ಪಿದ್ದಲ್ಲ. ಈಗ ಓಟಗಾರನ ಕಣ್ಣನ್ನು ವಿಚಾರಿಸಬೇಕು. ರಮ್ಯವಾದ ದಾರಿಯಲ್ಲಿ ಓಡುವವನ ಕಣ್ಣು ಗುಡ್ಡದ ಮೇಲೆ, ನೀರಿನ ಮೇಲೆ, ಮೋಡದ ಮೇಲೆ ಇರುತ್ತದೆ. ಅಲ್ಲಿಗೆ ಬಂದುದೇ ಅದಕ್ಕಾಗಿ. ಕಾಲಾದರೋ ನೆಲದ ಮೇಲೆ, ಅದೂ ವೇಗದಲ್ಲಿ. ಒಂದೇ ಕಣ್ಣು ಎರಡು ಕಡೆ ಕೆಲಸ ಮಾಡಲಾರದು. ದೋಷವು ಓಟದಲ್ಲೂ ಇಲ್ಲ, ಸೌಂದರ್ಯದಲ್ಲೂ ಇಲ್ಲ. ಎರಡನ್ನೂ ಒಂದೇ ಕ್ಷಣದಲ್ಲಿ ಬಯಸುವ ಆಸೆಯಲ್ಲಿದೆ. ಆದುದರಿಂದ ನೋಡಬೇಕೆನಿಸಿದಾಗ ನಿಲ್ಲಬೇಕು. ಓಡುವಾಗ ನೆಲವನ್ನು ನೋಡಬೇಕು. ನಿಂತು ನೋಡಿದ ಜಲಾಶಯವು ಓಡುತ್ತ ನೋಡಿದುದಕ್ಕಿಂತ ಹೆಚ್ಚೇ ಕಾಣುತ್ತದೆ.

ಚಾತುರ್ಮಾಸದ ಪ್ರಶ್ನೆ ಇಲ್ಲಿಯೇ ಬರುತ್ತದೆ. ಮೊದಲ ಮಳೆಗೆ ಇಂದ್ರಗೋಪಗಳು ಮಣ್ಣಿನಿಂದ ಹೊರಡುತ್ತವೆ. ಎರೆಹುಳು, ಬಸವನಹುಳು, ಕಪ್ಪೆಮರಿ, ಇರುವೆಸಾಲು, ಎಳೆಯ ಮೊಳಕೆ ಎಲ್ಲವೂ ದಾರಿಗೆ ಬರುತ್ತವೆ. ಕುಂಚಾವರಂ ಅತ್ಯಂತ ಸುಂದರವಾಗಿರುವ ತಿಂಗಳುಗಳೇ ಅಲ್ಲಿಯ ನೆಲ ಅತ್ಯಂತ ಜೀವಭರಿತವಾಗಿರುವ ತಿಂಗಳುಗಳು. ಇದು ಆಕಸ್ಮಿಕವಲ್ಲ, ಕಣ್ಣಿಗೆ ಹಸಿರಾಗಿ ಕಾಣುವುದೇ ಕಾಲಿನ ಕೆಳಗಿನ ಜೀವರಾಶಿ. ಮುನಿಗಳು ನಾಲ್ಕು ತಿಂಗಳು ನಿಲ್ಲುವುದಕ್ಕೂ, ಪ್ರವಾಸಿಗರು ಅದೇ ತಿಂಗಳುಗಳಲ್ಲಿ ಬರುವುದಕ್ಕೂ ಕಾರಣ ಒಂದೇ.

ಆದರೆ ನಿಯಮವು ಪಂಚಾಂಗಕ್ಕೆ ಅಂಟಿಕೊಂಡುದಲ್ಲ. ಕರಾವಳಿಯ ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಓಡುವವರಿಗೆ ಅದಕ್ಕಿಂತ ರಮ್ಯವಾದ ಸ್ಥಳ ಅಪರೂಪ. ಆ ಕರಾವಳಿಯ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡುವುದು ಚಳಿಗಾಲದ ತಿಂಗಳುಗಳಲ್ಲಿ. ಅಲ್ಲಿ ಮರಳನ್ನು ಬಿಟ್ಟು ರಸ್ತೆಯ ಬದಿಯಲ್ಲಿ ಓಡಬೇಕಾದುದು ಆಗ. ಜೀವರಾಶಿ ಎಲ್ಲಿ, ಯಾವಾಗ ಹೆಚ್ಚೋ ಅಲ್ಲಿ, ಆಗ ಹೆಜ್ಜೆ ಕಡಿಮೆ ಎಂಬುದೇ ಚಾತುರ್ಮಾಸದ ತಿರುಳು.

ಹೀಗೆ ವಿಚಾರಿಸಿದಾಗ ತಂದೆ ಮಗ ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ. ಓಟವೆಲ್ಲ ಅನರ್ಥದಂಡವೆಂಬ ಮಾತನ್ನು ತಂದೆ ಬಿಡಬೇಕು. ಮಳೆಯ ತಿಂಗಳುಗಳಲ್ಲಿ ಊರಿನ ರಸ್ತೆಯಲ್ಲೇ, ಬೆಳಕು ಹರಿದ ಮೇಲೆ ಓಡುವುದನ್ನು ಮಗ ಒಪ್ಪಬೇಕು. ಕುಂಚಾವರಂಗೆ ಹೋದರೆ ರಸ್ತೆಯ ಬದಿಯಲ್ಲಿ ನಿಂತು ನೋಡಿ ಬರಬೇಕು. ಇದರಲ್ಲಿ ಮಗನಿಗೆ ನಷ್ಟವಿಲ್ಲವೆಂದು ಹೇಳಲಾಗದು. ನಷ್ಟವೇ ಇಲ್ಲದ ಕಡೆ ವ್ರತವೂ ಇಲ್ಲ.

ಇಷ್ಟು ಮಾಡಿದರೂ ಕಾಲಿನ ಕೆಳಗೆ ಕೆಲವು ಜೀವಿಗಳು ಸಾಯುವುದು ತಪ್ಪದು. ಆದುದರಿಂದಲೇ ನಡೆದು ಬಂದ ಮೇಲೆ ಈರ್ಯಾಪಥಶುದ್ಧಿಯನ್ನು ಮಾಡುವ ಪದ್ಧತಿ ಏರ್ಪಟ್ಟಿದೆ. ಸಂಜೆ ಅಂಗಡಿಯನ್ನು ಮುಚ್ಚುವ ಮುನ್ನ ವರ್ತಕನು ರೋಜನಾಮೆಯ ಜಮಾ-ಖರ್ಚನ್ನು ತಾಳೆನೋಡುತ್ತಾನೆ. ಓಡಿ ಬಂದವನೂ ಬೂಟು ಬಿಚ್ಚುವಾಗ ಒಂದು ಕ್ಷಣ ನಿಂತು, ತಾನು ಹಾದುಬಂದ ದಾರಿಯ ಜೀವಿಗಳನ್ನು ನೆನೆದು ಕ್ಷಮೆ ಬೇಡಿದರೆ, ಮರುದಿನ ಅವನ ಕಣ್ಣು ತಾನಾಗಿಯೇ ನೆಲದ ಕಡೆಗೆ ತಿರುಗೀತು.