ಮೂರ್ಛೆಯ ಕಾವಲು

ಎಚ್ಚರ, ಕನಸು, ನಿದ್ರೆಗಳೆಂಬ ಮೂರು ಅವಸ್ಥೆಗಳಲ್ಲಿ ಮೂರ್ಛೆಯು ಸೇರದೆಂದೂ, ಅದು ಮರಣವೂ ಅಲ್ಲವೆಂದೂ ಬ್ರಹ್ಮಸೂತ್ರದ ತೃತೀಯಾಧ್ಯಾಯದಲ್ಲಿ ವಿಚಾರಮಾಡಿ, ಅದನ್ನು ಅರ್ಧಸಂಪತ್ತಿಯೆಂದು ನಿರ್ಣಯಿಸಿದೆ. ನಿದ್ರಿಸುವವನನ್ನು ಕೂಗಿ ಎಬ್ಬಿಸಬಹುದು. ಮೂರ್ಛಿತನಿಗೆ ಕೂಗು ಮುಟ್ಟದು. ಹಾಗಿರಲು, ಅಂಥವನ ಹಿತವನ್ನು ವಹಿಸಿಕೊಂಡವನ ಧರ್ಮವೇನು? ಈ ಪ್ರಶ್ನೆಗೆ ಯಕೃತ್ತಿನ ದೊಡ್ಡ ಶಸ್ತ್ರಕ್ರಿಯೆಗಿಂತ ತಕ್ಕ ಉದಾಹರಣೆ ನನಗೆ ಕಾಣದು.

ಹೃದಯವು ಹೊರಕ್ಕೊತ್ತುವ ರಕ್ತದಲ್ಲಿ ಸುಮಾರು ಕಾಲುಭಾಗ, ಎಂದರೆ ನಿಮಿಷಕ್ಕೆ ಒಂದೂವರೆ ಲೀಟರಿನಷ್ಟು, ಯಕೃತ್ತಿನ ಮೂಲಕ ಹರಿಯುತ್ತದೆ. ಅದನ್ನು ಕೊಯ್ಯುವುದೆಂದರೆ ತುಂಬಿದ ಕೆರೆಯ ಏರಿಯನ್ನು ಕಡಿದಂತೆ. ಒಳಬರುವ ರಕ್ತವನ್ನು ಕೆಲವು ನಿಮಿಷ ಅದುಮಿ ತಡೆಯುವ ಉಪಾಯವನ್ನು ಪ್ರಿಂಗಲ್ ಎಂಬ ಶಸ್ತ್ರವೈದ್ಯನು 1908ರಲ್ಲಿ ಪ್ರಕಟಿಸಿದನು. ಆದರೆ ಹೊರಹೋಗುವ ಸಿರೆಗಳು ಹೃದಯವನ್ನು ಸೇರುವ ಮಹಾಸಿರೆಗೆ ತೆರೆದುಕೊಂಡಿರುವುದರಿಂದ, ಅಲ್ಲಿಯ ಒತ್ತಡವು ಹೆಚ್ಚಿದ್ದರೆ ರಕ್ತವು ಹಿಂದಕ್ಕೆ ನುಗ್ಗುತ್ತದೆ. ಇದನ್ನು ತಗ್ಗಿಸುವುದು ಬಹುಮಟ್ಟಿಗೆ ರೋಗಿಯ ತಲೆಯ ಬಳಿ ಕುಳಿತ ಅರಿವಳಿಕೆಯ ವೈದ್ಯನ ಕೈಯಲ್ಲಿದೆ. (ಶಸ್ತ್ರವೈದ್ಯನಿಗೆ ಹಣ್ಣುಹೂ ಒಪ್ಪಿಸುವ ಮನೆಯವರು ಇವನ ಹೆಸರನ್ನು ಕೇಳುವುದೂ ವಿರಳ.) ನಾಳಕ್ಕೆ ಬಿಡುವ ದ್ರವವನ್ನು ಬೇಕೆಂದೇ ಬಿಗಿಹಿಡಿದು, ಸಿರೆಯ ಒತ್ತಡವನ್ನು 5 ಮಿಲಿಮೀಟರು ಪಾದರಸಕ್ಕಿಂತ ಕೆಳಗಿಡುವ ರೂಢಿಯುಂಟು. ಎಂದರೆ, ತನ್ನನ್ನು ನಂಬಿ ಮಲಗಿದವನನ್ನು ನೀರಡಿಕೆಯಲ್ಲಿ ನಿಲ್ಲಿಸಿದಂತಾಯಿತು. ರಕ್ತಸ್ರಾವವು ಇಳಿಯುತ್ತದೆ, ಆದರೆ ತೆರೆದ ಸಿರೆಯೊಳಕ್ಕೆ ಗಾಳಿ ಸೆಳೆದುಹೋಗುವ ಭಯ, ಮೂತ್ರಪಿಂಡಗಳು ಸೊರಗುವ ಭಯ ಏರುತ್ತವೆ. ಮೇಲಾಗಿ, ಕೊಟ್ಟ ಔಷಧಗಳಲ್ಲಿ ಹಲವನ್ನು ಕಳೆಯಬೇಕಾದುದು ಆ ಕೊಯ್ಸಿಕೊಳ್ಳುತ್ತಿರುವ ಯಕೃತ್ತೇ. ಆದುದರಿಂದ ಸ್ನಾಯುಗಳನ್ನು ಸಡಿಲಿಸುವುದಕ್ಕೆ, ಯಕೃತ್ತಿನ ಹಂಗಿಲ್ಲದೆ ರಕ್ತದಲ್ಲಿ ತಾನಾಗಿ ಒಡೆದುಹೋಗುವ ಸಿಸಾಟ್ರಾಕ್ಯೂರಿಯಮ್ಮಿನಂಥ ಔಷಧವನ್ನು ಆರಿಸುತ್ತಾರೆ.

ಅಹಿತವನ್ನು ಮಾಡಬಾರದೆಂಬ ನಿಯಮವನ್ನು ಅಕ್ಷರಶಃ ಹಿಡಿದರೆ ಆ ನೀರಡಿಕೆಯು ದೋಷವೇ ಸರಿ. ರೋಗಿಯು ಮೊದಲೇ ಒಪ್ಪಿದ್ದಾನಲ್ಲವೆ ಎಂಬ ಸಮಾಧಾನವುಂಟು; ಅದು ನನಗೆ ಸಾಲದು. ಒಪ್ಪಿದವನು ಎಚ್ಚರದಲ್ಲಿದ್ದವನು, ಅಪಾಯವನ್ನು ಹೊತ್ತು ಮಲಗಿರುವವನಿಗೆ ‘ಸಾಕು’ ಎನ್ನುವ ಬಾಯಿಲ್ಲ. ರುಜುಹಾಕಿದ ಕಾಗದವು ಒಮ್ಮೆ ಆಡಿದ ಮಾತು. ಶಸ್ತ್ರಕ್ರಿಯೆಯಾದರೋ ಹಲವು ಗಂಟೆಗಳ ಕಾಲ ಕ್ಷಣಕ್ಷಣಕ್ಕೂ ಬದಲಾಗತಕ್ಕುದು. ಆದುದರಿಂದ ಒಪ್ಪಿಗೆಯನ್ನು ನಡೆಸುವ ಭಾರದೊಡನೆ ಅದನ್ನು ಹಿಂತೆಗೆದುಕೊಳ್ಳುವ ಭಾರವೂ ಆ ವೈದ್ಯನಿಗೆ ಸಂದಿರುತ್ತದೆ. ಶಸ್ತ್ರವೈದ್ಯನು ಇನ್ನೂ ಸ್ವಲ್ಪ ಹೊತ್ತು ಬೇಕೆಂದಾಗ, ರಕ್ತದೊತ್ತಡವು ಕುಸಿಯುವುದನ್ನು ಕಂಡು ‘ತಡೆಯಿರಿ’ ಎನ್ನುವವನು ರೋಗಿಯ ನಾಲಗೆಯಾಗಿ ನುಡಿಯುತ್ತಾನೆ.

ಯಕೃತ್ತಿನ ಭಾಗವನ್ನು ಮಗುವಿಗೆ ಕೊಡುವ ತಾಯಿಯ ವಿಷಯದಲ್ಲಿ ಇದು ಇನ್ನೂ ಕಠಿನ. 1989ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಅಂಥ ದಾನದಿಂದ ಒಂದು ಮಗು ಬದುಕಿತು. ಅಂದಿನಿಂದ ಈ ಕ್ರಮವು ನಮ್ಮ ದೇಶಕ್ಕೂ ಬಂದಿದೆ. ಆ ತಾಯಿಗೆ ರೋಗವೇ ಇಲ್ಲ. ಆಕೆಯು ಹೊರುವ ಅಪಾಯದ ಫಲವು ಆಕೆಯ ದೇಹಕ್ಕೆ ಬಾರದು. ಎಚ್ಚರವಿದ್ದರೆ ಆಕೆ ಎಂದಿಗೂ ‘ಸಾಕು’ ಎನ್ನಲಾರಳು. ಕಾವಲಿರುವವನು ಅಲ್ಲಿ ಆಕೆಯೇ ಆಡಲೊಲ್ಲದ ಮಾತನ್ನು ಆಕೆಯ ಪರವಾಗಿ ಆಡಬೇಕಾದೀತು.