ದವಡೆಯೊಳಗಿನ ಅಮಾನತ್

ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು, ಕೇಳಿದಾಗ ಲೆಕ್ಕ ಕೊಡಬೇಕಾದದ್ದು. ಕನ್ನಡದ ಕಚೇರಿಗಳಿಗೆ ಬರುವಷ್ಟರಲ್ಲಿ ಅದೇ ಪದ ನೌಕರಿಯಿಂದ ತಡೆಹಿಡಿಯುವುದು ಎಂದಾಗಿಬಿಟ್ಟಿದೆ. ಎರಡೂ ಭಾಷೆಗಳಲ್ಲಿ ಅಕ್ಷರ ಕಲಿತ ನಮಗೆ, ರೋಗಿಯ ದೇಹದಲ್ಲಿ ಕೂರಿಸುವ ಕೃತಕ ಕೀಲು ಇವೆರಡರಲ್ಲಿ ಯಾವ ಅಮಾನತ್ ಎಂಬ ಪ್ರಶ್ನೆ ಕಾಡುತ್ತದೆ.

ದವಡೆಯ ಕೀಲನ್ನೇ ನೋಡಿ. ಗೂಳೂರಿನ ಮಗುವೊಂದು ಗದ್ದ ನೆಲಕ್ಕೆ ಬಡಿಯುವಂತೆ ಬಿದ್ದಿತು ಎಂದುಕೊಳ್ಳೋಣ. ಗದ್ದಕ್ಕೆ ಹೊಲಿಗೆ ಬೀಳುತ್ತದೆ. ಕಿವಿಯ ಮುಂದಿನ ಕೀಲು ಮುರಿದದ್ದು ಯಾರ ಗಮನಕ್ಕೂ ಬರುವುದಿಲ್ಲ. ಕ್ರಮೇಣ ಮೂಳೆಗಳು ಬೆಸೆದುಕೊಂಡು ಬಾಯಿ ತೆರೆಯದಂತಾಗಬಹುದು. ಬೆಳೆದ ಮೇಲೆ ಅಂಥವರಿಗೆ ಟೈಟಾನಿಯಂ ಮತ್ತು ಗಟ್ಟಿ ಪಾಲಿಥೀನ್‌ನ ಕೀಲು ಹಾಕುವುದುಂಟು. ಮುಚ್ಚಿದ ಬಾಯಿ ತೆರೆದು ರೊಟ್ಟಿ ಅಗಿಯುವುದು ಸಣ್ಣ ಭಾಗ್ಯವಲ್ಲ. ಆದರೆ ಆ ಕೀಲು ಇಪ್ಪತ್ತು ವರ್ಷದ ನಂತರ ಹೇಗಿದೆ ಎಂದು ಕೇಳುವವರು ಯಾರು?

ಅಮೆರಿಕದಲ್ಲಿ ಯಾರೂ ಕೇಳದೆ ಹೋದದ್ದರ ಫಲ ಘೋರವಾಗಿತ್ತು. ವೈಟೆಕ್ ಎಂಬ ಕಂಪನಿಯ ಟೆಫ್ಲಾನ್ ಹೊದಿಕೆಯ ದವಡೆ ಇಂಪ್ಲಾಂಟಿಗೆ 1983ರಲ್ಲಿ, ಹಿಂದಿನ ಸಾಧನಗಳಂತೆಯೇ ಇದೆ ಎಂಬ ಆಧಾರದ ಮೇಲೆ ಒಪ್ಪಿಗೆ ಸಿಕ್ಕಿತು. 20,000ಕ್ಕೂ ಹೆಚ್ಚು ಹಂಚಿಕೆಯಾದವು. ಅಗಿದಂತೆಲ್ಲ ಟೆಫ್ಲಾನ್ ಸವೆದು ಪುಡಿಯಾಯಿತು. ಆ ಪುಡಿಯ ಮೇಲೆ ಯುದ್ಧಕ್ಕೆ ಹೊರಟ ದೇಹ ತನ್ನ ಮೂಳೆಯನ್ನೇ ತಿಂದುಹಾಕಿತು, ಕೆಲವರಲ್ಲಿ ತಲೆಬುರುಡೆಯವರೆಗೂ. 1990ರಲ್ಲಿ ಕಂಪನಿ ದಿವಾಳಿ ಎದ್ದಿತು. ನೋವು ಮಾತ್ರ ದಿವಾಳಿ ಏಳಲಿಲ್ಲ.

ನಮ್ಮನ್ನು ಇನ್ನೂ ಕಲಕುವ ಸಂಗತಿ ಬೇರೆಯೇ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಸೊಂಟದ ಕೀಲಿಗೆ ಟೆಫ್ಲಾನ್ ಬಳಸಿ, ಅದು ಸವೆಯುವುದನ್ನು ಕಂಡು, 1960ರ ದಶಕದ ಆರಂಭದಲ್ಲೇ ಕೈಬಿಟ್ಟಿದ್ದರು. ಅದರ ಚೂರುಗಳನ್ನು ತಮ್ಮ ತೊಡೆಯಲ್ಲೇ ಹುದುಗಿಸಿ ಪರೀಕ್ಷಿಸಿದ್ದರು. ತಿಳಿದವರು ಇದ್ದರು, ಅವರ ಮಾತು ಲೆಕ್ಕಕ್ಕೆ ಬರಲಿಲ್ಲ.

ಪೆಟ್ಟು ತಿಂದ ಅಮೆರಿಕ 1993ರಿಂದ ದವಡೆ ಕೀಲು ಯಾರ ದೇಹದಲ್ಲಿದೆ ಎಂಬ ಜಾಡನ್ನು ತಯಾರಕರೇ ಇಟ್ಟುಕೊಳ್ಳುವಂತೆ ಮಾಡಿತು. 2011ರಲ್ಲಿ ಮೂರು ಕಂಪನಿಗಳಿಗೆ, ಮಾರಿದ ಮೇಲೂ ಅಧ್ಯಯನ ಮಾಡಿ ಎಂದು ಆದೇಶಿಸಿತು. ಬಹಳ ಮಂದಿಯ ಕೀಲುಗಳನ್ನು ಮೂರು ವರ್ಷದೊಳಗೇ ಬದಲಿಸಬೇಕಾಗಿ ಬಂದಿತ್ತು.

ನಮ್ಮಲ್ಲಿ? ಜಾನ್ಸನ್ ಅಂಡ್ ಜಾನ್ಸನ್‌ನ ಎಎಸ್‌ಆರ್ ಸೊಂಟದ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ವಾಪಸು ಪಡೆದಾಗ ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಾಗಿದ್ದವು. 2017ರಲ್ಲಿ ಆರೋಗ್ಯ ಸಚಿವಾಲಯದ ಸಮಿತಿ ಹುಡುಕಹೊರಟರೆ ಹೆಚ್ಚಿನವರ ಪತ್ತೆಯೇ ಇಲ್ಲ. 2015ರಿಂದ ಸಾಧನಗಳ ದೋಷ ವರದಿಯಾಗುವ ರಾಷ್ಟ್ರೀಯ ವ್ಯವಸ್ಥೆ ಇದೆ, ಒಳ್ಳೆಯದೇ. ಆದರೆ ದೂರು ಬಂದರೆ ಬರೆದುಕೊಳ್ಳುವುದು ಬೇರೆ, ದೂರದೆ ಸಹಿಸುವವರ ಬಾಗಿಲು ತಟ್ಟುವುದು ಬೇರೆ. ಗೂಳೂರಿನ ಕೆರೆಯ ಮಣ್ಣು ಪ್ರತಿವರ್ಷ ಮಹಾಗಣಪತಿಯಾಗಿ, ಪೂಜೆ ಮುಗಿದ ಮೇಲೆ ಅದೇ ಕೆರೆಗೆ ಮರಳುತ್ತದೆ. ಅದರ ಲೆಕ್ಕ ಊರಿಗೆಲ್ಲ ಗೊತ್ತು. ದೇಹದೊಳಗಿನ ಲೋಹಕ್ಕೆ ಅಷ್ಟು ಲೆಕ್ಕವೂ ಇಲ್ಲವೆಂದರೆ!

ಹಾಗೆಂದು ರೋಗಿಯ ಹೆಸರು, ವಿಳಾಸ, ಫೋನು ಕಂಪನಿಯ ಪುಸ್ತಕದಲ್ಲಿ ಸಾಯುವವರೆಗೂ ಇರಲಿ ಎನ್ನಲೂ ಮನಸ್ಸು ಹಿಂಜರಿಯುತ್ತದೆ. ಮದುವೆಗೆ ಮುನ್ನ ಶಸ್ತ್ರಚಿಕಿತ್ಸೆಯಾದ ಹೆಣ್ಣುಮಗಳು ಗುಬ್ಬಿಗೋ ಕುಣಿಗಲ್ಲಿಗೋ ಹೋದ ಮೇಲೆ, ಅತ್ತೆಮನೆಗೆ ಬರುವ ಒಂದು ಫೋನ್ ಕರೆ ಏನೇನು ಮಾಡೀತು? ಅಮೆರಿಕದ ನಿಯಮದಲ್ಲೂ ತನ್ನ ಗುರುತು ಕೊಡಲೊಲ್ಲೆ ಎನ್ನುವ ಹಕ್ಕು ರೋಗಿಗಿದೆ. ಆದರೆ ಒಲ್ಲೆ ಎನ್ನಲು ಮೊದಲು ಕೇಳಿರಬೇಕು. ಶಸ್ತ್ರಚಿಕಿತ್ಸೆಯ ದಿನ ಆಕೆಗೆ ಅರ್ಥವಾಗುವ ಕನ್ನಡದಲ್ಲೋ ಉರ್ದುವಿನಲ್ಲೋ ಹೇಳಿ, ಕೀಲಿನ ಹೆಸರು, ಸಂಖ್ಯೆ, ದಿನಾಂಕ ಬರೆದ ಒಂದು ಚೀಟಿಯನ್ನು, ಗಂಡನ ಕೈಗೋ ಅಪ್ಪನ ಕೈಗೋ ಅಲ್ಲ, ಆಕೆಯ ಕೈಗೇ ಕೊಡಲು ಯಾವ ಕಾಯಿದೆಗೂ ಕಾಯಬೇಕಾಗಿಲ್ಲ.